ಗರ್ಭಚೀಲದ ಗಂಟು: ಆಪರೇಷನ್‌ಗೆ ಮುಂಚೆ ಸ್ಕ್ಯಾನಿಂಗ್ ರಿಪೋರ್ಟ್‌ನಲ್ಲಿ ಏನೇನು ನೋಡಬೇಕು?

ಬೈಲಹೊಂಗಲ: 'ಗರ್ಭಚೀಲದಾಗ ಗಂಟು ಐತಿ' ಎಂದು ಕೇಳಿದ ಕೂಡಲೇ ಮನೆಮಂದಿಗೆ ಗಾಬರಿಯಾಗುವುದು ಸಹಜ. 'ಹೆಂಗೂ ಮಕ್ಕಳಾಗ್ಯಾವ, ಚೀಲಾನ ತೆಗಿಸಿಬಿಡೋಣು' ಎಂಬ ಮಾತೂ ಬರುತ್ತದೆ. ಆದರೆ ಗಂಟು ಇದೆ ಎಂಬುದೊಂದೇ ಆಪರೇಷನ್‌ಗೆ ಕಾರಣವಲ್ಲ. ಅದು ಎಲ್ಲಿದೆ, ಎಷ್ಟಿದೆ, ಏನು ತೊಂದರೆ ಕೊಡುತ್ತಿದೆ ಎಂಬುದು ಮುಖ್ಯ.

ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ ಈ ಗಂಟಿಗೆ ಫೈಬ್ರಾಯ್ಡ್ ಎನ್ನುತ್ತಾರೆ. ಇದು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಎಷ್ಟೋ ಹೆಣ್ಣುಮಕ್ಕಳಿಗೆ ಇದರಿಂದ ಯಾವ ತ್ರಾಸೂ ಇರುವುದಿಲ್ಲ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತದೆ.

ಸ್ಕ್ಯಾನಿಂಗ್ ಎರಡು ರೀತಿ

ಅಲ್ಟ್ರಾಸೌಂಡ್ ಶಬ್ದದ ಅಲೆಗಳಿಂದ ಚಿತ್ರ ತೋರಿಸುತ್ತದೆ, ಎಕ್ಸ್‌ರೇಯಂತೆ ವಿಕಿರಣ ಇಲ್ಲ. ಹೊಟ್ಟೆ ಮೇಲಿಂದ ಮಾಡುವಾಗ ನೀರು ಕುಡಿದು ಮೂತ್ರ ತಡೆದಿರಬೇಕು. ತುಂಬಿದ ಮೂತ್ರಚೀಲ ಕರುಳನ್ನು ಪಕ್ಕಕ್ಕೆ ಸರಿಸುವುದರಿಂದ ಗರ್ಭಚೀಲ ಸ್ಪಷ್ಟ ಕಾಣುತ್ತದೆ. ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್‌ನಲ್ಲಿ ಮೂತ್ರ ಮಾಡಿ ಬರಬೇಕು. ಇದರಲ್ಲಿ ಸಣ್ಣ ಗಂಟೂ ಗೊತ್ತಾಗುತ್ತದೆ. ಮದುವೆಯಾಗದ ಹುಡುಗಿಯರಿಗೆ ಸಾಮಾನ್ಯವಾಗಿ ಹೊಟ್ಟೆ ಮೇಲಿಂದಷ್ಟೇ ಮಾಡುತ್ತಾರೆ.

ರಿಪೋರ್ಟ್‌ನಲ್ಲಿ ಇರಬೇಕಾದದ್ದು

* ಗಂಟುಗಳ ಸಂಖ್ಯೆ ಮತ್ತು ಸೆಂಟಿಮೀಟರ್ ಲೆಕ್ಕದಲ್ಲಿ ಗಾತ್ರ.
* ಇರುವ ಜಾಗ. ಒಳಪದರಕ್ಕೆ ಚಾಚಿದ್ದರೆ 2 ಸೆಂ.ಮೀ. ಗಂಟೂ ವಿಪರೀತ ರಕ್ತಸ್ರಾವ ತರಬಹುದು. ಹೊರಮೈಯಲ್ಲಿದ್ದರೆ ದೊಡ್ಡದಾದರೂ ರಕ್ತ ಹೆಚ್ಚು ಹೋಗದೆ, ಮೂತ್ರಚೀಲ ಒತ್ತಬಹುದು.
* ಒಳಪದರದ ದಪ್ಪ ಮತ್ತು ಅಂಡಾಶಯಗಳ ಸ್ಥಿತಿ.
* ಅದು ಫೈಬ್ರಾಯ್ಡೋ, ಅಡೆನೊಮಯೋಸಿಸ್ಸೋ? ಫೈಬ್ರಾಯ್ಡ್‌ಗೆ ಅಂಚು ಇರುತ್ತದೆ, ಗಂಟಷ್ಟೇ ತೆಗೆಯಲು ಸಾಧ್ಯ. ಅಡೆನೊಮಯೋಸಿಸ್ ಸ್ನಾಯುವಿನೊಳಗೇ ಹರಡಿರುತ್ತದೆ. ಅನುಮಾನವಿದ್ದರೆ ಎಂಆರ್‌ಐ ಬೇಕಾಗಬಹುದು.

ಕಲಬುರಗಿಯ ಪಾಠ

ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ಆರೋಪ 2015ರಲ್ಲಿ ರಾಜ್ಯದ ಗಮನ ಸೆಳೆಯಿತು. ಅವರಲ್ಲಿ ಅನೇಕರಿಗೆ 40 ತುಂಬಿರಲಿಲ್ಲ. ಇಂಥ ಆಪರೇಷನ್ ತಡೆಯಲು ಕೇಂದ್ರ ರೂಪಿಸಿದ ಮಾರ್ಗಸೂಚಿಯನ್ನು ರಾಜ್ಯಗಳು ಮೂರು ತಿಂಗಳಲ್ಲಿ ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ಆದೇಶಿಸಿತು.

ಗರ್ಭಚೀಲದ ಜೊತೆ ಅಂಡಾಶಯವನ್ನೂ ಸಣ್ಣ ವಯಸ್ಸಿನಲ್ಲೇ ತೆಗೆದರೆ ಮೂಳೆ ಸವೆಯುವುದು, ಹೃದಯದ ತೊಂದರೆ ಬೇಗ ಬರಬಹುದು. ಹೊಲದ ಕೆಲಸ ನಂಬಿದವರಿಗೆ ಇದು ಬದುಕಿನ ಪ್ರಶ್ನೆ.

ವೈದ್ಯರನ್ನು ಕೇಳಿ

ನನ್ನ ತ್ರಾಸಿಗೆ ಈ ಗಂಟೇ ಕಾರಣವೇ? ಗುಳಿಗೆ ಅಥವಾ ಹಾರ್ಮೋನ್ ಇರುವ ವಂಕಿಯಿಂದ ರಕ್ತಸ್ರಾವ ತಡೆಯಬಹುದೇ? ಗಂಟಷ್ಟೇ ತೆಗೆಯಲು ಬರುತ್ತದೆಯೇ? ಅಂಡಾಶಯ ಉಳಿಸುತ್ತೀರಾ? ಸಮಾಧಾನವಾಗದಿದ್ದರೆ ರಿಪೋರ್ಟ್ ಹಿಡಿದು ಬೆಳಗಾವಿಯ ಬಿಮ್ಸ್ ಅಥವಾ ಹುಬ್ಬಳ್ಳಿಯ ಕೆಎಂಸಿಆರ್‌ಐನಲ್ಲಿ (ಹಿಂದಿನ ಕಿಮ್ಸ್) ಇನ್ನೊಬ್ಬ ತಜ್ಞರಿಗೆ ತೋರಿಸಬಹುದು.

ಹಾಗಂತ ಆಪರೇಷನ್ ಬೇಡವೇ ಬೇಡ ಎಂದಲ್ಲ, ಕೆಲವರಿಗೆ ಅದೇ ಸರಿಯಾದ ದಾರಿ. ರಕ್ತ ಹೋಗಿ ತಲೆಸುತ್ತು ಬರುತ್ತಿದ್ದರೆ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಅಥವಾ ಗಂಟು ಬೆಳೆಯುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.