ಅನಾಹುತವಾದಾಗ ಮನೆಯವರಿಗೆ ಹೇಳುವುದು ಹೇಗೆ?



2026ರ ಜನವರಿಯಲ್ಲಿ ಬೈಲಹೊಂಗಲ ತಾಲ್ಲೂಕಿನ ಮರಕುಂಬಿಯ ಸಕ್ಕರೆ ಕಾರ್ಖಾನೆಯಲ್ಲಿ ಕುದಿಯುವ ಕಬ್ಬಿನ ರಸ ಮೈಮೇಲೆ ಬಿದ್ದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಅದಕ್ಕೆ ಮುಂಚೆ, 2023ರ ಡಿಸೆಂಬರ್ 4ರ ಸಂಜೆ, ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಉಗ್ರಾಣವೊಂದರಲ್ಲಿ ಮೆಕ್ಕೆಜೋಳದ ಸಂಗ್ರಹ ಕುಸಿದು, ಬಿಹಾರದಿಂದ ಬಂದಿದ್ದ 7 ಮಂದಿ ಅದರಡಿ ಸಿಕ್ಕಿ ಸತ್ತರು. ಹುಡುಕುವ ಕೆಲಸ ಮರುದಿನದವರೆಗೂ ನಡೆಯಿತು. ಅಷ್ಟು ಹೊತ್ತು ದೂರದ ಊರಿನಲ್ಲಿ ಕಾದು ಕುಳಿತವರ ಪಾಡು ಏನಿರಬೇಕು!

ಇದು ಕಾರ್ಖಾನೆಯವರ ಮಾತು, ನಮಗೇಕೆ ಎನ್ನುವಂತಿಲ್ಲ. ಮರಗಸಿ ಮಾಡುವವನು ಕೊಂಬೆಯೊಡನೆ ಕೆಳಗೆ ಬೀಳಬಹುದು. ಕೊನೆ ಕೊಯ್ಯುವ ದೋಟಿ ವಿದ್ಯುತ್ ತಂತಿಗೆ ತಾಗಬಹುದು. ಆಳುಗಳನ್ನು ಹೊತ್ತ ಪಿಕಪ್ ಮಗುಚಬಹುದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಕೆಲಸಕ್ಕೆ ಬಂದವರು ನಮ್ಮ ತೋಟದಲ್ಲಿದ್ದರೆ, ಅವರ ಮನೆಯವರು ಒಂದು ರಾತ್ರಿಯ ಪ್ರಯಾಣದಷ್ಟು ದೂರ.

ಮೊದಲು 108 ಅಥವಾ 112ಕ್ಕೆ ಕರೆ ಮಾಡಿ, ಗಾಯಾಳುವನ್ನು ಆಸ್ಪತ್ರೆಗೆ ಕಳಿಸಬೇಕು. ಕೂಡಲೇ ಚೆಕ್‌ರೋಲ್ ಹಿಡಿದು ತಲೆ ಎಣಿಸಬೇಕು. ಯಾರು ಕ್ಷೇಮ, ಯಾರು ಸಿಕ್ಕಿಲ್ಲ ಎಂಬುದು ತಿಳಿಯದೆ ಹೇಳಿದ ಮಾತು ಗಾಳಿಸುದ್ದಿಯೇ ಸರಿ.

ಮನೆಯವರಿಗೆ ಸುದ್ದಿ ಯಜಮಾನನ ಬಾಯಿಂದಲೇ ಹೋಗಬೇಕು. ಈಗ ಎಲ್ಲರ ಕೈಯಲ್ಲೂ ಫೋನಿದೆ. ನಾವು ತಡಮಾಡಿದರೆ ಫೋಟೋ ಮೊದಲು ಊರು ಮುಟ್ಟುತ್ತದೆ. ಚಿತ್ರ ತೆಗೆದು ಹಂಚಬಾರದೆಂದು ಮೇಸ್ತ್ರಿಯ ಮೂಲಕ ಎಲ್ಲರಿಗೂ ತಿಳಿಸಬೇಕು.

ಮಾತು ನೇರವಾಗಿರಲಿ: "ಯಜಮಾನ್ರೇ, ನಾನು ತೋಟದ ಮಾಲೀಕ ಮಾತಾಡ್ತಿದ್ದೇನೆ. ನಿಮ್ಮ ಮಗ ಮರದಿಂದ ಬಿದ್ದಿದ್ದಾನೆ. ತಲೆಗೆ ಪೆಟ್ಟಾಗಿದೆ. ಸರ್ಕಾರಿ ಆಸ್ಪತ್ರೆಗೆ ಸೇರಿಸಿದ್ದೇವೆ. ಡಾಕ್ಟರು ನೋಡುತ್ತಿದ್ದಾರೆ. ಅರ್ಧ ಗಂಟೆ ಬಿಟ್ಟು ಮತ್ತೆ ಫೋನ್ ಮಾಡುತ್ತೇನೆ." ಹೊಸ ಸುದ್ದಿ ಇರಲಿ, ಬಿಡಲಿ, ಹೇಳಿದ ಹೊತ್ತಿಗೆ ಫೋನ್ ಮಾಡಲೇಬೇಕು. "ಸಣ್ಣ ಗಾಯ, ಸುಮ್ಮನೆ ಬನ್ನಿ" ಎಂದು ಕರೆಸಿ ಹೆಣ ತೋರಿಸುವುದು ಕರುಣೆಯಲ್ಲ. ವೈದ್ಯರು ಹೇಳುವ ಮೊದಲು ಸಾವಿನ ಮಾತು ಆಡಬಾರದು. ಹೇಳಿದ ಮೇಲೆ ಮುಚ್ಚಿಡಲೂಬಾರದು. ಅಂಥ ಸುದ್ದಿ ಮುಟ್ಟಿಸುವಾಗ ಮನೆಯವರ ಪಕ್ಕದಲ್ಲಿ ಊರಿನ ಹಿರಿಯರೊಬ್ಬರು ಇರುವಂತೆ ನೋಡಿಕೊಳ್ಳುವುದು ಒಳ್ಳೆಯದು.

ಲೈನ್ ಮನೆಯಲ್ಲಿರುವ ಜೊತೆಯವರನ್ನು ಮರೆಯಬಾರದು. ಅವರನ್ನು ಒಟ್ಟಿಗೆ ಕೂರಿಸಿ, ಊರಿಗೆ ಹೇಳಿದ್ದನ್ನೇ ಅವರಿಗೂ ಹೇಳಬೇಕು. ಒಬ್ಬೊಬ್ಬರಿಗೆ ಒಂದೊಂದು ಮಾತಾದರೆ ನಂಬಿಕೆ ಹೋಗುತ್ತದೆ. ತಪ್ಪು ಯಾರದೆಂಬ ಚರ್ಚೆ ಅಂದು ಬೇಡ. ಆಸ್ಪತ್ರೆಯ ಖರ್ಚು, ಮನೆಯವರ ಬಸ್ ಚಾರ್ಜು, ಉಳಿಯುವ ವ್ಯವಸ್ಥೆ ಯಾರದೆಂಬುದನ್ನು ಮಾತ್ರ ಕೇಳುವ ಮೊದಲೇ ತಿಳಿಸಬೇಕು. ಮಾಡಲಾಗದ್ದನ್ನು ಮಾಡುತ್ತೇವೆಂದು ಭರವಸೆ ಕೊಡಬಾರದು.

ಇದಕ್ಕೆಲ್ಲ ಬೇಕಾದದ್ದು ಒಂದು ನೋಟ್‌ಬುಕ್. ಆಳು ಕೆಲಸಕ್ಕೆ ಸೇರಿದ ದಿನವೇ ಹೆಸರು, ಊರು, ತಾಲ್ಲೂಕು, ಮನೆಯವರ ಎರಡು ಫೋನ್ ನಂಬರು, ಊರಿನ ಒಬ್ಬ ಹಿರಿಯರ ನಂಬರು, ರಕ್ತದ ಗುಂಪು, ಮನೆಯಲ್ಲಿ ಆಡುವ ಭಾಷೆ ಇಷ್ಟನ್ನು ಬರೆದಿಡಬೇಕು. ಪುಸ್ತಕ ರೈಟರ ಬಳಿ ಒಂದು, ನಮ್ಮ ಮನೆಯಲ್ಲಿ ಒಂದು ಇರಲಿ. ನಂಬರು ಬದಲಾಗುತ್ತಿರುತ್ತದೆ, ಆದ್ದರಿಂದ ಬಟವಾಡೆಯ ದಿನ ಒಮ್ಮೆ ಕೇಳಿ ತಿದ್ದಿಕೊಳ್ಳಬೇಕು. ಈ ಸಲದ ಕೊಯ್ಲು ಶುರುವಾಗುವ ಮೊದಲೇ ಈ ಕೆಲಸ ಮುಗಿದಿರಲಿ.