ಹಾಯಿದೋಣಿಗೆ ರಾತ್ರಿಯ ನೆಲೆ

ಭೂಗೋಳದ ಪಾಠದ ನಡುವೆ ಬಾಲಕನೊಬ್ಬನು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. “ಮಾಷ್ಟ್ರೇ, ಹಾಯಿದೋಣಿಯಲ್ಲಿ ತಿಂಗಳುಗಟ್ಟಲೆ ಕರಾವಳಿಯನ್ನು ಸುತ್ತುವವರು ರಾತ್ರಿ ಎಲ್ಲಿ ಮಲಗುತ್ತಾರೆ?” ಎಂದನು. ದೋಣಿಯಲ್ಲಿಯೇ ಮಲಗುತ್ತಾರೆಂದು ಹೇಳಿ ಪಾಠವನ್ನು ಮುಂದುವರಿಸಬಹುದಾಗಿತ್ತು. ಆದರೆ ಆ ದೋಣಿಯು ಎಲ್ಲಿ ಮಲಗಬೇಕೆಂಬುದು ಅಷ್ಟು ಸುಲಭವಾದ ಸಂಗತಿಯಲ್ಲ. ನಾವಿಕನು ನಿದ್ರಿಸುತ್ತಿರುವಾಗ ಲಂಗರು ಜಾರಿತೆಂದರೆ, ಅವನು ಎಚ್ಚೆತ್ತು ಹಾಯಿ ಬಿಚ್ಚುವುದರೊಳಗೆ ದೋಣಿಯು ದಡಕ್ಕೆ ಬಡಿದಿರುತ್ತದೆ.

ಲಂಗರು ತನ್ನ ಭಾರದಿಂದಲೇ ದೋಣಿಯನ್ನು ಹಿಡಿದಿಡುತ್ತದೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ಅರ್ಧ ಸತ್ಯವೂ ಅಲ್ಲ. ನೇಗಿಲಿನ ಗುಳವು ಹೊಲದ ಮಣ್ಣನ್ನು ಕಚ್ಚುವಂತೆ ಲಂಗರು ಸಮುದ್ರದ ತಳವನ್ನು ಕಚ್ಚಬೇಕು. ಎಳೆತವು ನೆಲದ ಮಟ್ಟದಲ್ಲಿಯೇ ಇದ್ದರೆ ಅದು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಮೇಲ್ಮುಖವಾಗಿ ಎಳೆದರೆ ಕಿತ್ತು ಬರುತ್ತದೆ. ಆದುದರಿಂದಲೇ ನೀರಿನ ಆಳದಷ್ಟೇ ಸರಪಳಿಯನ್ನು ಬಿಟ್ಟರೆ ಸಾಲದು. ಆಳದ ಐದು ಪಟ್ಟಾದರೂ ಬಿಡಬೇಕು. ಬರಿಯ ಹಗ್ಗವಾದರೆ ಏಳು ಪಟ್ಟು ಬೇಕು. ಗಣಿತದಲ್ಲಿ ಆಸಕ್ತಿಯುಳ್ಳವರು ಇದನ್ನು ಗಮನಿಸಲಿ: ಇಳಿತದ ವೇಳೆಯಲ್ಲಿ ನೀರಿನ ಆಳ ಮೂರೂವರೆ ಮೀಟರು, ಉಬ್ಬರದಲ್ಲಿ ಏರುವುದು ಒಂದೂವರೆ, ನೀರಿನಿಂದ ದೋಣಿಯ ಮೂತಿಯವರೆಗೆ ಒಂದು. ಒಟ್ಟು 6 ಮೀಟರು. ಬಿಡಬೇಕಾದ ಸರಪಳಿ 30 ಮೀಟರು. ಉಬ್ಬರವನ್ನು ಲೆಕ್ಕಕ್ಕೆ ಹಿಡಿಯದವನು ಮಧ್ಯರಾತ್ರಿ ಅದರ ಫಲವನ್ನು ಉಣ್ಣುತ್ತಾನೆ.

ತಳವು ಎಂಥದೆಂಬುದೂ ಮುಖ್ಯವೇ. ಗಟ್ಟಿ ಕೆಸರು ಮತ್ತು ಮರಳು ಒಳ್ಳೆಯವು. ಬಂಡೆಯ ಮೇಲೆ ಲಂಗರು ಜಾರುತ್ತದೆ, ಇಲ್ಲವೇ ಸಂದಿಯಲ್ಲಿ ಸಿಕ್ಕಿ ಮೇಲಕ್ಕೆ ಬಾರದೆ ಹೋಗುತ್ತದೆ. ಕಾಣದ ತಳವನ್ನು ತಿಳಿಯಲು ಹಿಂದಿನವರು ಹೂಡಿದ ಉಪಾಯವು ಸೊಗಸಾದುದು. ಉದ್ದವಾದ ಹಗ್ಗಕ್ಕೆ ಸೀಸದ ಗುಂಡನ್ನು ಕಟ್ಟಿ, ಅದರ ಅಡಿಯಲ್ಲಿರುವ ಕುಳಿಗೆ ಕೊಬ್ಬನ್ನು ಮೆತ್ತಿ ನೀರಿಗೆ ಇಳಿಬಿಡುತ್ತಿದ್ದರು. ಹಗ್ಗವು ಎಷ್ಟು ಮಾರು ಆಳವೆಂಬುದನ್ನು ಹೇಳುತ್ತಿತ್ತು. ಕೊಬ್ಬಿಗೆ ಅಂಟಿಕೊಂಡು ಬಂದ ಮರಳೋ ಕೆಸರೋ ಚಿಪ್ಪಿನ ಚೂರೋ ತಳದ ಗುಟ್ಟನ್ನು ಹೇಳುತ್ತಿತ್ತು. ಏನೂ ಅಂಟದೆ ಬಂದರೆ ಅಲ್ಲಿ ಬಂಡೆಯಿದೆಯೆಂದು ತಿಳಿದು ಮುಂದೆ ಸಾಗುತ್ತಿದ್ದರು. ಈಗ ಯಂತ್ರವು ಆಳವನ್ನು ಅಂಕೆಯಲ್ಲಿ ತೋರಿಸುತ್ತದೆ, ಉಪಗ್ರಹದ ನೆರವಿನಿಂದ ದೋಣಿಯು ಸರಿದರೆ ಗಂಟೆ ಬಾರಿಸುವ ಸಾಧನವೂ ಬಂದಿದೆ. ಆದರೂ ಲಂಗರು ಇಳಿಸಿದ ಮೇಲೆ ದಡದ ಎರಡು ಗುರುತುಗಳನ್ನು, ಒಂದು ತೆಂಗಿನ ಮರವನ್ನೂ ಅದರ ಹಿಂದಿನ ಗುಡ್ಡದ ತುದಿಯನ್ನೂ ಎಂದಿಟ್ಟುಕೊಳ್ಳಿ, ನೇರಕ್ಕೆ ಹಿಡಿದು ನೋಡುವ ಅಭ್ಯಾಸವನ್ನು ಬಲ್ಲವರು ಬಿಟ್ಟಿಲ್ಲ.

ಇನ್ನು ಗಾಳಿಯ ವಿಚಾರ. ಹೊಸಬರು ಮೋಸಹೋಗುವುದು ಇಲ್ಲಿಯೇ. ಸಂಜೆ ಕಂಡ ನೀರು ರಾತ್ರಿಯ ನೀರಲ್ಲ. ಮಳೆಗಾಲ ಕಳೆದ ತಿಂಗಳುಗಳಲ್ಲಿ ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದಿಂದ ಕಡಲಗಾಳಿ ಬೀಸುತ್ತದೆ; ರಾತ್ರಿ ನೆಲವು ಬೇಗ ತಣಿಯುವುದರಿಂದ ನೆಲಗಾಳಿಯು ಕಡಲಿನ ಕಡೆಗೆ ಹರಿಯುತ್ತದೆ. ಲಂಗರು ಹಾಕಿದ ದೋಣಿಯು ಗಾಳಿಗೆ ಮುಖಕೊಟ್ಟು ನಿಲ್ಲುವುದಷ್ಟೆ. ಹಾಗಾದರೆ ಬೆಳಗಿನ ನೆಲಗಾಳಿಯಲ್ಲಿ ಬಂದು ದಡದ ಸಮೀಪದಲ್ಲಿಯೇ ಲಂಗರು ಇಳಿಸಿದವನ ಗತಿಯೇನು? ಆಗ ದೋಣಿಯ ಹಿಂಭಾಗವು ಕಡಲಿನ ಕಡೆಗಿರುತ್ತದೆ. ಎಲ್ಲವೂ ಕ್ಷೇಮವಾಗಿ ಕಾಣುತ್ತದೆ. ಮಧ್ಯಾಹ್ನ ಗಾಳಿ ತಿರುಗಿದೊಡನೆ ದೋಣಿಯು ಲಂಗರಿನ ಇನ್ನೊಂದು ಪಕ್ಕಕ್ಕೆ, ಸರಪಳಿಯ ಪೂರ್ಣ ಉದ್ದಕ್ಕೆ, ದಡದತ್ತ ಸರಿಯುತ್ತದೆ. 30 ಮೀಟರು ಸರಪಳಿಯುಳ್ಳ 10 ಮೀಟರಿನ ದೋಣಿಗೆ ಲಂಗರಿನ ಸುತ್ತಲೂ ಸುಮಾರು 40 ಮೀಟರಿನ ತೆರವು ಬೇಕು. ಆ ವೃತ್ತದೊಳಗೆ ಬಂಡೆಯಾಗಲಿ ಮರಳದಿಬ್ಬವಾಗಲಿ ಬೇರೆ ದೋಣಿಯಾಗಲಿ ಇರಕೂಡದು.

ಒಮ್ಮೊಮ್ಮೆ ಮನುಷ್ಯರ ಭಯವೂ ಉಂಟು. 1895ರಿಂದ 1898ರವರೆಗೆ ‘ಸ್ಪ್ರೇ’ ಎಂಬ ಹಾಯಿದೋಣಿಯಲ್ಲಿ ಮೊತ್ತಮೊದಲಿಗೆ ಏಕಾಂಗಿಯಾಗಿ ಭೂಮಿಯನ್ನು ಸುತ್ತಿದ ಜೋಷುವಾ ಸ್ಲೋಕಂ ದಕ್ಷಿಣ ಅಮೆರಿಕದ ತುದಿಯ ಕೊಲ್ಲಿಯೊಂದರಲ್ಲಿ ಮಲಗುವ ಮುನ್ನ ದೋಣಿಯ ಮೇಲೆಲ್ಲ ಸಣ್ಣ ಮೊಳೆಗಳನ್ನು ಚೆಲ್ಲಿದ್ದನು. ನಡುರಾತ್ರಿ ಬರಿಗಾಲಿನಲ್ಲಿ ಹತ್ತಿದವರ ಕೂಗೇ ಅವನನ್ನು ಎಬ್ಬಿಸಿತು!

ನಮ್ಮ ಕಾಸರಗೋಡಿನ ತೀರವು ಬಹುಮಟ್ಟಿಗೆ ನೇರವಾದುದು, ಪಶ್ಚಿಮಕ್ಕೆ ತೆರೆದುಕೊಂಡದ್ದು. ಮಳೆಗಾಲದ ನೈಋತ್ಯದ ಅಲೆಗಳಿಗೆ ಇಲ್ಲಿ ತಡೆಯಿಲ್ಲ; ನದಿಯೊಳಗೆ ಹೊಗೋಣವೆಂದರೆ ಅಳಿವೆಯಲ್ಲಿ ಮರಳದಿಬ್ಬ. ಹಿಂದಿನ ಪತ್ತೆಮಾರಿಗಳು ಮಳೆಗಾಲದಲ್ಲಿ ಸಂಚಾರವನ್ನೇ ನಿಲ್ಲಿಸುತ್ತಿದ್ದುದು ಸೋಮಾರಿತನದಿಂದಲ್ಲ. ಉತ್ತರದ ಕಾರವಾರದ ಸಂಗತಿಯೇ ಬೇರೆ. ಅಲ್ಲಿ ಕೊಲ್ಲಿಯ ದಕ್ಷಿಣಕ್ಕೆ ಗುಡ್ಡವೊಂದು ಕಡಲಿಗೆ ಚಾಚಿಕೊಂಡಿದೆ, ಹೊರಗೆ ನಡುಗಡ್ಡೆಗಳು ಕಾವಲಿಗೆ ನಿಂತಿವೆ. ಸಮೀಪದ ಅಂಜದೀವಿನಲ್ಲಿ 1498ರಲ್ಲಿ ವಾಸ್ಕೋ ಡ ಗಾಮನು ಹಿಂದಿರುಗುವ ಮುನ್ನ ತಂಗಿ, ಹಡಗುಗಳ ತಳವನ್ನು ಕೆರೆಸಿ ಶುದ್ಧಿಮಾಡಿಸಿ ಸಿಹಿನೀರನ್ನು ತುಂಬಿಸಿಕೊಂಡನು. ಇಂದು ಅದು ನೌಕಾಪಡೆಯ ನೆಲೆಗೆ ಸೇರಿದ್ದು. ವಿಹಾರದ ದೋಣಿಗೆ ಅಲ್ಲಿ ಪ್ರವೇಶವಿಲ್ಲ.

ಗುಡ್ಡವೂ ಇಲ್ಲದ, ನಡುಗಡ್ಡೆಯೂ ಇಲ್ಲದ ಒಂದು ವಿಚಿತ್ರ ನೆಲೆ ನಮ್ಮ ರಾಜ್ಯದಲ್ಲಿಯೇ ಇದೆ. ಆಲಪ್ಪುಳದ ತೀರವು ನಮ್ಮದರಂತೆಯೇ ತೆರೆದದ್ದು. ಆದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಮಳೆಗಾಲದ ಅಬ್ಬರದ ನಡುವೆಯೇ ಹಡಗುಗಳು ಅಲ್ಲಿ ಲಂಗರು ಹಾಕಿ ಸರಕು ತುಂಬುತ್ತಿದ್ದವು. ಮಲಯಾಳಿಗಳು ಚಾಕರವೆಂದು ಕರೆಯುವ ಕೆಸರಿನ ದಿಬ್ಬವೇ ಇದಕ್ಕೆ ಕಾರಣ. ಮಳೆಗಾಲದ ಅಲೆಗಳು ತಳದ ನುಣುಪಾದ ಕೆಸರನ್ನು ಕದಡಿ ಅಂಬಲಿಯಂತೆ ಮಾಡುತ್ತವೆ. ಅನಂತರ ಬರುವ ಅಲೆಗಳ ಬಲವು ಆ ಕೆಸರನ್ನು ಅಲುಗಿಸುವುದರಲ್ಲಿಯೇ ವ್ಯಯವಾಗಿ, ದಡಕ್ಕೆ ಬರುವಷ್ಟರಲ್ಲಿ ಇಲ್ಲವಾಗುತ್ತದೆ. ಕೊಚ್ಚಿಯ ಬಂದರನ್ನು ನಿರ್ಮಿಸಿದ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅವರು ಈ ದಿಬ್ಬಗಳ ಚರಿತ್ರೆಯನ್ನು ಕುರಿತು 1938ರಲ್ಲಿ ಒಂದು ಗ್ರಂಥವನ್ನೇ ಬರೆದರು. ಚಾಕರವು ಪ್ರತಿವರ್ಷವೂ ಒಂದೇ ಸ್ಥಳದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಅದು ಬಂದ ಕಡೆಗೆ ಮೀನುಗಾರರು ಇಂದಿಗೂ ದೋಣಿಗಳನ್ನು ಕೊಂಡೊಯ್ಯುತ್ತಾರೆ.