ಹಿತ್ತಲದ ಹೂವು, ಕೈಯ ಕಸೂತಿ

ಸಂಘದ ಅಕ್ಕ-ತಂಗಿಯರೇ, ಅಜ್ಜಿಯ ಕಸೂತಿ ಹಾಕಿದ ಇಳಕಲ್ ಸೀರೆ ಮನೆಯಲ್ಲಿದ್ದರೆ ಒಮ್ಮೆ ಬಿಚ್ಚಿ ನೋಡಿರಿ. ತುಳಸಿಕಟ್ಟೆ, ಕಮಲ, ಗಿಳಿ, ನವಿಲು ಕಾಣುತ್ತವೆ. ಅಂಗಳ, ಹಿತ್ತಲದಾಗ ಕಂಡದ್ದನ್ನೇ ನಮ್ಮ ಸೀಮೆಯ ಹೆಣ್ಣುಮಕ್ಕಳು ಬಟ್ಟೆಗೆ ಇಳಿಸಿದರು.

ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂಥಿ ಎಂದು 4 ಹೊಲಿಗೆಗಳಿವೆ. ಮೆಂಥಿ ಅಂದರ ನಮ್ಮ ಮೆಂತ್ಯ ಕಾಳೇ. ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿ ಹೊಲಿಯಬೇಕು, ಗಂಟು ಹಾಕಬಾರದು. ಗವಂತಿ, ಮುರ್ಗಿ ಎರಡೂ ಮಗ್ಗಲು ಒಂದೇ ರೀತಿ ಕಾಣಬೇಕು.

ಯಂತ್ರದ ಹೊಲಿಗೆಯೂ ಕಸೂತಿ ಹೆಸರಿನಲ್ಲಿ ಅಗ್ಗವಾಗಿ ಮಾರಾಟವಾಗುತ್ತದೆ. ಆದ್ದರಿಂದ ಗಿರಾಕಿಗೆ ಬಟ್ಟೆಯ ಹಿಂಬದಿ ತೋರಿಸಿರಿ. ಕೈಗೆಲಸ ಅಲ್ಲೇ ಗುರುತಾಗುತ್ತದೆ. ಕರವಸ್ತ್ರ, ದಿಂಬಿನ ಕವರ್‌ನಿಂದ ಆರಂಭಿಸಿರಿ. ನೂಲಿನ ಖರ್ಚಿನ ಜೊತೆಗೆ ಕುಳಿತು ಹೊಲಿದ ತಾಸುಗಳನ್ನೂ ಬರೆದಿಡಿರಿ. ನಮ್ಮ ಕೂಲಿ ಲೆಕ್ಕಕ್ಕೆ ಹಿಡಿಯದಿದ್ದರ ಮಾರಿದರೂ ನಷ್ಟವೇ.